ಚಕ್ಕಡಿಗೆ ಎಲ್ಲಿಯ ನಂಬರು?

ನಿನ್ನೆ ಶೀಗಿ ಹುಣ್ಣಿಮೆ. ಚರಗ ಚೆಲ್ಲಲು, ಅಂದರೆ ಹೊಲದಲ್ಲಿ ಪೂಜೆ ಮಾಡಿ ಎಡೆಯ ಅಡುಗೆಯನ್ನು ಬೆಳೆಗೆ ಚೆಲ್ಲಲು, ನಮ್ಮೂರು ನವಲೂರಿಗೆ ಹೋಗಿದ್ದೆ. ರಾತ್ರಿ ಹುಬ್ಬಳ್ಳಿಗೆ ವಾಪಸ್ ಬಂದೆ, ಆದರೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮ ಹೊಲವನ್ನು ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. ಪೇರಲ ಹಣ್ಣು ತಿನ್ನಲು ಬಂದವರೇ ಅಲ್ವಾ? ಮೂರೆಕರೆ. ಅರ್ಧ ಪೇರಲ, ಇನ್ನರ್ಧ ಗೋವಿನಜೋಳ. ಕಾಕಾ ನೋಡಿಕೊಳ್ಳುತ್ತಾರೆ. ಆ ಹೊಲಕ್ಕೆ ಹೋಗುವ ಬಂಡಿ ದಾರಿಯ ಮೇಲೆ ಈಗ ಒಂದು ಲೇಔಟ್ ಕೂತಿದೆ. ಹೋದ ವರ್ಷ ಬರೀ ಕಲ್ಲು ನೆಟ್ಟಿದ್ದರು, ಚಕ್ಕಡಿ ಹೋಗುತ್ತಿತ್ತು. ಈ ವರ್ಷ ಸುತ್ತ ಕಾಂಪೌಂಡ್ ಎದ್ದಿದೆ. ಕಬ್ಬಿಣದ ಗೇಟು ಬಿದ್ದಿದೆ.

ಗೇಟಿನ ಮುಂದೆ ಚಕ್ಕಡಿ ನಿಂತಿತು. ಒಳಗೆ ಅವ್ವ, ಕಾಕು, ಬುಟ್ಟಿ ತುಂಬ ಕಡಬು, ಹೋಳಿಗೆ, ಪುಂಡಿಪಲ್ಯ. ಕಾವಲು ಹುಡುಗ ರಜಿಸ್ಟರ್ ಹಿಡಿದು ಬಂದ.

"ಯಜ್ಜಾ, ಗಾಡಿ ನಂಬರ್ ಬರಸ್ರಿ. ಯಾರ ಮನಿಗೆ ಹೊಂಟೀರಿ?"

"ಮನಿಗಲ್ಲೋ ತಮ್ಮಾ, ನಮ್ಮ ಹೊಲಕ್ಕ. ಚಕ್ಕಡಿಗೆ ಎಲ್ಲೀ ನಂಬರು?"

"ನಂಬರ್ ಇಲ್ದ ಬಿಡಬ್ಯಾಡ ಅಂದಾರ್ರೀ. ಎತ್ತು ಬಂದ್ರ ಸೆಗಣಿ ಬೀಳತೈತಿ ಅಂತಾರ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕಲಘಟಗಿ ಕಡೆಯವನಂತೆ. ಅವನ ಮನೆಯಲ್ಲೂ ನಿನ್ನೆ ಚರಗ, ಅವನಿಗೆ ರಜೆ ಸಿಕ್ಕಿಲ್ಲ. ಕಾಕಾನ ಮುಖ ನೋಡಲಾಗದೆ ರಜಿಸ್ಟರಿನ ಹಾಳೆ ಸುಮ್ನೆ ತಿರುವಿ ಹಾಕುತ್ತಿದ್ದ.

ಕೊನೆಗೆ ಎತ್ತು ಬಿಚ್ಚಿ ಹೊರಗಿನ ಲೈಟ್ ಕಂಬಕ್ಕೆ ಕಟ್ಟಿದೆವು. ಬುಟ್ಟಿ ಹೊತ್ತು ನಡೆದೆವು. ಅವ್ವನಿಗೆ ಮೊಣಕಾಲು ನೋವು, ನಾಲ್ಕು ಕಡೆ ನಿಂತಳು. ಅಲ್ಲಿ ಒಂದು ಮನೆಯ ಹೆಣ್ಣುಮಗಳು ಕುರ್ಚಿ ತಂದು ಅವ್ವನನ್ನು ಕೂರಿಸಿ ನೀರು ಕೊಟ್ಟರು. ಇಲ್ಲಿ ಮೊದಲು ದಾರಿ ಇತ್ತು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಸೈಟು ಮಾರಿದವರು ಹೇಳಿಲ್ಲ.

ನನ್ನ ಸಿಟ್ಟು ಇದೇ. ಹೊಲ ಕೊಂಡರು, ಸರಿ. ದಾರಿಯನ್ನು ಯಾರಿಂದ ಕೊಂಡರು? ಬಂಡಿ ದಾರಿ ಒಬ್ಬರ ಮನೆಯದಲ್ಲ. ಗ್ರಾಮ ನಕಾಶೆಯಲ್ಲಿ ಜೋಡು ಗೆರೆಯ ಗುರುತಿರುತ್ತದೆ. ಅದರಲ್ಲಿ ನನ್ನ ಮುತ್ತಜ್ಜ ಗೊಬ್ಬರ ಹೇರಿದ್ದಾನೆ. ಊರಿನ ಅದೆಷ್ಟೋ ಹೆಂಗಸರು ಪೇರಲ ಬುಟ್ಟಿ ಹೊತ್ತು ಅದೇ ದಾರಿ ಹಿಡಿದು ಧಾರವಾಡದ ಸಂತೆಗೆ ಹೋಗಿದ್ದಾರೆ.

1962ರಲ್ಲಿ ಹುಬ್ಬಳ್ಳಿ, ಧಾರವಾಡ ಸೇರಿಸಿ ಒಂದೇ ಪಾಲಿಕೆ ಮಾಡಿದರು. ಎರಡು ಊರಿನ ನಡುವೆ ಸುಮಾರು 20 ಕಿಲೋಮೀಟರ್. ಉಣಕಲ್ಲು, ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರು, ನವಲೂರು, ಎಲ್ಲಾ ಹೊಲ ಮನೆಯ ಊರುಗಳೇ. ಈಗ ಪಿ.ಬಿ. ರಸ್ತೆಯಲ್ಲಿ ಹೋದರೆ ಯಾವ ಊರು ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ನಮ್ಮೂರು ನಡುಗಡ್ಡೆ ಆಗಿದೆ. ಊರೊಳಗೆ ಒಂದೊಂದು ಹೊಲವೂ ಬೇರೆ ಬೇರೆ ನಡುಗಡ್ಡೆ ಆಗುತ್ತಿದೆ, ಇದು ಇನ್ನೂ ಕೆಟ್ಟದ್ದು. ದಾರಿ ಮುಚ್ಚಿದರೆ ಗೊಬ್ಬರದ ಟ್ರ್ಯಾಕ್ಟರ್ ಹೋಗಲ್ಲ. ಹಣ್ಣಿನ ಬುಟ್ಟಿ ಹೊರಗೆ ಬರಲ್ಲ. ಲೇಔಟಿನವರು ಮಣ್ಣು ಹಾಕಿ ಎತ್ತರಿಸಿದ್ದರಿಂದ ಮಳೆನೀರೆಲ್ಲ ನಮ್ಮ ಪೇರಲ ಗಿಡದ ಬುಡಕ್ಕೇ ಬಂದು ನಿಲ್ಲುತ್ತದೆ. ಎರಡು ವರ್ಷ ಹೀಗಾದರೆ ಹೊಲ ಪಡ ಬೀಳುತ್ತದೆ. ಆಗ ದಲ್ಲಾಳಿ ಬರುತ್ತಾನೆ. "ದಾರಿ ಇಲ್ಲದ ಹೊಲರೀ, ಇದಕ್ಕ ಯಾರು ರೇಟ್ ಕೊಡ್ತಾರ" ಅನ್ನುತ್ತಾನೆ. ಕಾಕಾನ ಹತ್ತಿರ ಈಗಾಗಲೇ ಎರಡು ಸಲ ಬಂದು ಹೋಗಿದ್ದಾನೆ.

"ಮಾರಿದವರು ನಿಮ್ಮೂರಿನವರೇ ಅಲ್ವಾ?" ಅಂತ ಕೇಳುವವರು ಇದ್ದಾರೆ. ಹೌದು, ಮಾರಿದ್ದಾರೆ. ಮಗಳ ಮದುವೆಗೆ, ಬೋರ್‌ವೆಲ್ ಸಾಲಕ್ಕೆ ಮಾರಿದ್ದಾರೆ. ಅವರನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಅವರು ಮಾರಿದ್ದು ತಮ್ಮ ಎಕರೆ, ಗುಂಟೆ. ನಮ್ಮ ದಾರಿಯನ್ನಲ್ಲ. "ಊರು ಬೆಳೀಬಾರದಾ?" ಅನ್ನುವುದು ಇನ್ನೊಂದು ಪ್ರಶ್ನೆ. ಬೆಳೆಯಲಿ. ಹುಬ್ಬಳ್ಳಿ, ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಬಂದ ಮೇಲೆ ಅವ್ವ ಒಬ್ಬಳೇ ಹುಬ್ಬಳ್ಳಿ ಆಸ್ಪತ್ರೆಗೆ ಹೋಗಿ ಬರುತ್ತಾಳೆ, ಅದು ನನಗೆ ನಿಜವಾಗಿ ಖುಷಿ. ಆ ಬಸ್ಸಿಗೆ ಅಂತಲೇ ಬೇರೆ ದಾರಿ ಮಾಡಿದ್ದೇವೆ. ಚಕ್ಕಡಿಗೆ ಮೊದಲಿಂದ ಇದ್ದ ದಾರಿಯನ್ನು ಉಳಿಸಲು ಆಗಲ್ವಾ? ಎರಡು ಸಾಲು ಸೈಟಿನ ನಡುವೆ ಒಂದು ಚಕ್ಕಡಿ ಹೋಗುವಷ್ಟು ಜಾಗ. ಅಷ್ಟೇ ಕೇಳುತ್ತಿರುವುದು.

ಒಂದು ಮಾತು ಹೇಳಲೇಬೇಕು. ಹುಬ್ಬಳ್ಳಿಯಲ್ಲಿ ನಾನಿರುವ ಮನೆಯೂ ಒಂದು ಕಾಲಕ್ಕೆ ಯಾರದೋ ಹೊಲ. ಹನ್ನೊಂದು ವರ್ಷದಿಂದ ಇದ್ದೇನೆ. ಇದರ ಹಿಂದೆ ಯಾರ ಹೊಲ ಇತ್ತು, ಅವರು ಯಾವ ದಾರಿಯಲ್ಲಿ ಹೋಗುತ್ತಿದ್ದರು ಅಂತ ನಿನ್ನೆ ರಾತ್ರಿಯವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ನಿದ್ದೆ ಬರದಿದ್ದಕ್ಕೆ ಇದೂ ಕಾರಣ.

ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಕಾಕಾ "ಹುಲ್ಲುಲ್ಲಿಗ್ಯೋ" ಅಂತ ಕೂಗುತ್ತಾ ಚರಗ ಚೆಲ್ಲಿದರು. ಮೊದಲೆಲ್ಲ ಒಂದು ಹೊಲದಲ್ಲಿ ಕೂಗಿದರೆ ಪಕ್ಕದ ಹೊಲದವರು ಓಗೊಡುತ್ತಿದ್ದರು, ಅವರ ಆಚೆಯವರು ಅವರಿಗೆ. ನಿನ್ನೆ ಕಾಕಾ ಕೂಗಿ, ಅಭ್ಯಾಸದಂತೆ ಸ್ವಲ್ಪ ಹೊತ್ತು ತಡೆದು ನಿಂತರು. ಆಮೇಲೆ ಮುಂದಿನ ಸಾಲಿಗೆ ಹೋದರು.

ಗ್ರಾಮ ನಕಾಶೆಯ ಪ್ರತಿ ತೆಗೆಸಿದ್ದೇನೆ. ದಾರಿ ಅದರಲ್ಲಿ ಸ್ಪಷ್ಟ ಇದೆ. ಸೋಮವಾರ ಕಾಕಾ, ನಾನು, ಪಕ್ಕದ ಹೊಲದ ಇನ್ನಿಬ್ಬರು ತಹಸೀಲ್ದಾರರಿಗೆ ಅರ್ಜಿ ಕೊಡುತ್ತಿದ್ದೇವೆ. ಸತ್ತೂರು, ರಾಯಾಪುರ, ಅಮರಗೋಳದ ಕಡೆ ಯಾರದಾದರೂ ದಾರಿ ಹೀಗೇ ಮುಚ್ಚಿದ್ದರೆ ನನಗೆ ಮೆಸೇಜ್ ಮಾಡಿ. ಒಟ್ಟಿಗೇ ಹೋಗೋಣ. ಬರುವಾಗ ನಿಮ್ಮ ಹೊಲದ ಉತಾರ (ಪಹಣಿ) ತನ್ನಿ.