ದಿನಕ್ಕೆ ಐದು ಪೈಸೆ

ಬೆಳಗ್ಗೆ ಹತ್ತೂವರೆಗೆ ನನ್ನ ಮೊದಲ ಗಿರಾಕಿ ಬಂದ. ಉದ್ದನೆಯ ಹುಡುಗ. ತಲೆಗೆ ನೀಲಿ ವಿಗ್ಗು, ಬೆನ್ನಿಗೆ ಥರ್ಮಾಕೋಲಿನ ಕತ್ತಿ. ನನ್ನ ಮೇಜಿನ ಮೇಲಿದ್ದ ಇಂದ್ರಜಾಲ ಕಾಮಿಕ್ಸ್ ಒಂದನ್ನು ಎತ್ತಿಕೊಂಡ. ಬೋಣಿ ಆಯ್ತು ಅಂತ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಅವನು ಪುಸ್ತಕವನ್ನು ಮಗುಚಿ, ಕೊನೆಯ ಪುಟದಿಂದ ಓದೋದಕ್ಕೆ ಶುರು ಮಾಡಿದ.

"ಅದು ಈ ಕಡೆಯಿಂದ ಕಣಪ್ಪಾ," ಅಂದೆ.

"ಮಾಂಗಾ ಅಲ್ವಾ ಅಂಕಲ್ ಇದು?"

"ಅಲ್ಲ, ಫ್ಯಾಂಟಮ್."

"ಓ..." ಅಂದ. ಮದುವೆ ಮನೆಯಲ್ಲಿ ದೂರದ ನೆಂಟರನ್ನು ಪರಿಚಯ ಮಾಡಿಸಿದಾಗ ಮಕ್ಕಳು ಅನ್ನುತ್ತಾರಲ್ಲ, ಅದೇ 'ಓ'. "ಇದರ ಕೀಚೈನ್ ಇದ್ಯಾ?"

ಇರಲಿಲ್ಲ. ಹೋದ. ಜಪಾನಿನ ಮಾಂಗಾ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕು ಅನ್ನೋದು ಮಗಳ ದಯೆಯಿಂದ ನನಗೂ ಗೊತ್ತಿತ್ತು. ಆದರೆ ಕಾಡಿನಲ್ಲಿ ಮುಖವಾಡ ಹಾಕಿಕೊಂಡು ದುಷ್ಟರನ್ನು ಹಿಡಿಯುವ ನನ್ನ ಫ್ಯಾಂಟಮ್‌ನನ್ನು ಯಾರಾದರೂ ಹಾಗೆ ಹಿಂದುಮುಂದಾಗಿ ನಡೆಸಬಹುದು ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ನಾನು ಆ ಕಾಮಿಕ್ಸ್ ಮೇಳದಲ್ಲಿ ಅಂಗಡಿ ಹಾಕಿಕೊಂಡು ಕೂತಿದ್ದಕ್ಕೆ ನನ್ನ ಬಾಯಿಯೇ ಕಾರಣ. ಒಂದು ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಇರಲಾರದೆ ಹೇಳಿದೆ. ಸೂಪರ್‌ಮ್ಯಾನ್ ಮೊಟ್ಟಮೊದಲು ಬಂದ ಪುಸ್ತಕ ಅಮೆರಿಕದಲ್ಲಿ 1938ರಲ್ಲಿ 10 ಸೆಂಟಿಗೆ ಮಾರಾಟವಾಗಿತ್ತು. ಅದರದೇ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಲ್ಲಿ ಹಳೇ ಕಾಮಿಕ್ಸಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿಕೊಡುವ ಕಂಪನಿಗಳೇ ಇವೆ. ಆ ಪ್ರತಿಗೆ ಬಂದಿದ್ದು ಎಂಟೂವರೆ.

"ಸೀಲ್ ಮಾಡಿದ ಮೇಲೆ ಓದೋದು ಹೇಗೆ?" ಅಂದಳು ಮಗಳು.

"ಓದೋ ಹಾಗಿಲ್ಲ. ತೆಗೆದರೆ ಬೆಲೆ ಬಿತ್ತು."

"ನಮ್ಮನೇಲೂ ಅದೇ ತಾನೆ," ಅಂದಳು ಹೆಂಡತಿ. "ಮಂಚದ ಕೆಳಗೆ ಹನ್ನೊಂದು ಡಬ್ಬ ಇದೆ. ಓದಿದ್ದಂತೂ ನಾನು ನೋಡಿಲ್ಲ. ರೀ, ಅಷ್ಟು ಡಾಲರ್ ಬೇಡ. ಅಡುಗೆಮನೆಗೆ ಒಂದು ಚಿಮಣಿ ಆಗೋಷ್ಟು ಬಂದ್ರೆ ಸಾಕು, ಮಾರಿಬಿಡಿ."

ಮಾರುವ ಮಾತು ಬಂದದ್ದೇ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಕೊನೆಗೆ ಎರಡೆರಡು ಪ್ರತಿ ಇರುವುದನ್ನು ಮಾತ್ರ ಮಾರುವುದು ಅಂತ ಒಪ್ಪಂದ ಆಯಿತು.

ಈ ಹುಚ್ಚು ಹಿಡಿದದ್ದು ಭದ್ರಾವತಿಯಲ್ಲಿ. ಅಪ್ಪ ಅಲ್ಲಿನ ಕಾಗದ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆ ಶುರುವಾದದ್ದು 1936ರಲ್ಲಿ. ಫ್ಯಾಂಟಮ್ ಕಥೆಗಳ ಕರ್ತೃ ಲೀ ಫಾಕ್ ಅಮೆರಿಕದ ಪತ್ರಿಕೆಗಳಲ್ಲಿ ಫ್ಯಾಂಟಮ್‌ನನ್ನು ಕುದುರೆ ಹತ್ತಿಸಿದ್ದೂ ಅದೇ ವರ್ಷ. ನನ್ನ ಜಾತಕ ಅಲ್ಲೇ ಬರೆದಿತ್ತು ಅನ್ನಿ. ಆ ಕಥೆಗಳನ್ನು ನಮ್ಮಲ್ಲಿ ಪುಸ್ತಕ ಮಾಡಿ ತರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ಬರಲು ಶುರುವಾದದ್ದು 1964ರಲ್ಲಿ. ನಾನು ಕಣ್ಣು ಬಿಡುವ ಹೊತ್ತಿಗೆ ನೂರಾರು ಸಂಚಿಕೆ ಬಂದಾಗಿತ್ತು. ಇಂಗ್ಲಿಷ್ ನನಗೆ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧ ಹೇಗೂ ಗುದ್ದಿನ ಶಬ್ದ. ಫ್ಯಾಂಟಮ್ ಇರುವ ಕಲ್ಪನೆಯ ದೇಶದ ಮೂಲ ಹೆಸರು ನಮ್ಮ ಬಂಗಾಳದ ಥರ ಕೇಳಿಸುತ್ತದೆ ಅಂತ ಇಂದ್ರಜಾಲದವರು ಅದನ್ನು 'ಡೆಂಕಾಲಿ' ಮಾಡಿದ್ದರು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಅಷ್ಟರಲ್ಲಿ ಆರನೇ ಕ್ಲಾಸಿನ ಪರೀಕ್ಷೆಯಲ್ಲಿ ಆಫ್ರಿಕಾದ ನಕ್ಷೆಯ ಮೇಲೆ ಡೆಂಕಾಲಿಯನ್ನು ಗುರುತಿಸಿ, ರಾಜಧಾನಿಗೊಂದು ಚುಕ್ಕೆಯನ್ನೂ ಇಟ್ಟು, ಮೇಷ್ಟ್ರ ಕೈಲಿ ಎರಡು ಏಟು ತಿಂದಾಗಿತ್ತು.

ಅಪ್ಪನಿಗೆ ನನ್ನ ಸಂಗ್ರಹದ ಬಗ್ಗೆ ಕೋಪ ಇರಲಿಲ್ಲ, ಮರುಕ ಇತ್ತು. "ಇದು ನ್ಯೂಸ್‌ಪ್ರಿಂಟ್ ಕಣೋ. ಒಂದು ದಿನದ ಬಾಳಿಗೆ ಮಾಡಿದ್ದು," ಅನ್ನುತ್ತಿದ್ದರು. ಮರದಲ್ಲಿ ಲಿಗ್ನಿನ್ ಅಂತ ಒಂದು ಅಂಟು ಇರುತ್ತದಂತೆ. ಒಳ್ಳೆ ಕಾಗದಕ್ಕಾದರೆ ಮರವನ್ನು ಬೇಯಿಸಿ ಅದನ್ನು ತೆಗೆಯುತ್ತಾರೆ. ಅಗ್ಗದ ಕಾಗದಕ್ಕೆ ಮರವನ್ನು ಅರೆದು ಹಾಕುವುದರಿಂದ ಅದು ಹಾಗೇ ಉಳಿಯುತ್ತದೆ. ಬೆಳಕು, ಗಾಳಿ ತಗುಲಿದರೆ ಮೊದಲು ಹಳದಿ, ಆಮೇಲೆ ಕಂದು. "ಕೊನೆಗೆ ಹಪ್ಪಳ," ಅಂತ ಅಪ್ಪ ಬೆರಳಲ್ಲಿ ಮುರಿದು ತೋರಿಸಿದ್ದರು. ಪಾಠಕ್ಕೆ ಬಲಿಯಾದದ್ದು ನನ್ನದೇ ಜಾದೂಗಾರ ಮಾಂಡ್ರೇಕ್ ಪುಸ್ತಕದ ಮೂಲೆ. ಅದಕ್ಕೆ ನಾನು ಅವತ್ತೇ ಸೆಲ್ಲೋಟೇಪ್ ಅಂಟಿಸಿದೆ. ಹಳೇ ಕಾಮಿಕ್ಸಿಗೆ ಮನುಷ್ಯ ಮಾಡಬಹುದಾದ ಅತಿ ದೊಡ್ಡ ದ್ರೋಹ ಅದು. ಟೇಪು ಯಾವತ್ತೋ ಉದುರಿಹೋಗಿದೆ, ಅದರ ಕಂದು ಕಲೆ ಮಾತ್ರ ಮಾಂಡ್ರೇಕನ ಟೋಪಿಯ ಮೇಲೆ ಇನ್ನೂ ಇದೆ.

ಈಗ ಬುದ್ಧಿ ಬಂದಿದೆ. ಆಮ್ಲ ಇಲ್ಲದ ಪ್ಲಾಸ್ಟಿಕ್ ಕವರುಗಳನ್ನು ಆನ್‌ಲೈನಿನಲ್ಲಿ ತರಿಸಿದ್ದೆ, ನೂರರ ಕಟ್ಟು. ಮೇಳದ ಹಿಂದಿನ ರಾತ್ರಿ ಎಣಿಸಿದರೆ ಅರವತ್ತೇ ಇದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ಹೆಂಡತಿ ಬ್ಲೌಸ್ ಪೀಸು ಕೊಟ್ಟಿದ್ದಳಲ್ಲ, ಉಳಿದ ನಲವತ್ತು ಅದಕ್ಕೆ ಹೋಗಿದ್ದವು. "ಅಳತೆ ಕರೆಕ್ಟಾಗಿತ್ತು ರೀ, ಎಲ್ಲರೂ ಎಲ್ಲಿ ಸಿಕ್ತು ಅಂತ ಕೇಳಿದ್ರು," ಅಂದಳು. ಜಯನಗರದ ನಲವತ್ತು ಮನೆಗಳಲ್ಲಿ ಬ್ಲೌಸ್ ಪೀಸುಗಳು ಇನ್ನು ಐವತ್ತು ವರ್ಷ ಹಳದಿ ಆಗುವುದಿಲ್ಲ. ಹಳದಿ ಬಣ್ಣದವನ್ನು ಬಿಟ್ಟು.

ಅಮೆರಿಕದವರ ಅಂಕಪದ್ಧತಿ ನನಗೆ ಒಗ್ಗಲಿಲ್ಲ. ನನ್ನದೇ ಒಂದು ಮಾಡಿಕೊಂಡೆ: 'ಚೆನ್ನಾಗಿದೆ', 'ಪರವಾಗಿಲ್ಲ', 'ಪಾಪ'. ಪಿನ್ನು ತುಕ್ಕು ಹಿಡಿದಿದ್ದರೆ 'ಪರವಾಗಿಲ್ಲ'. ಯಾರೋ ಫ್ಯಾಂಟಮ್ ಪ್ರೇಯಸಿ ಡಯಾನಾಗೆ ಪೆನ್ನಲ್ಲಿ ಮೀಸೆ ಬರೆದಿದ್ದರೆ 'ಪಾಪ'. ಎಲ್ಲ ವಿಂಗಡಿಸಿ, ಹುಳ ಬೀಳದಿರಲಿ ಅಂತ ಡಬ್ಬದೊಳಗೆ ನುಸಿಗುಳಿಗೆ ಹಾಕಿದೆ. ಸ್ವಲ್ಪ ಜಾಸ್ತಿಯೇ ಹಾಕಿದೆ.

ಅದು ಗೊತ್ತಾದದ್ದು ಮೇಳದಲ್ಲಿ. ಸ್ನೇಹಿತನೊಬ್ಬ ಪೋಸ್ಟರ್ ಮಾರಲು ಮಳಿಗೆ ಹಿಡಿದಿದ್ದ, ಅರ್ಧ ಮೇಜನ್ನು ನನಗೆ ಬಿಟ್ಟುಕೊಟ್ಟಿದ್ದ. ನನ್ನ ಪಾಲಿನ ಬಾಡಿಗೆ 4,000 ರೂಪಾಯಿ. ಡಬ್ಬದ ಮುಚ್ಚಳ ತೆಗೆದ ಕೂಡಲೇ ಅಜ್ಜಿಯ ಟ್ರಂಕಿನ ವಾಸನೆ ಇಡೀ ಸಾಲಿಗೆ ಹರಡಿತು. ಎದುರಿಗೆ ರಟ್ಟಿನ ರೋಬೋಟ್ ವೇಷದವನೊಬ್ಬ ನಿಂತಿದ್ದ. ಒಂದು ಸೀನು ಸೀನಿದ. ತಲೆ ಕಳಚಿ ನನ್ನ 'ಪಾಪ' ಗುಂಪಿನ ಮೇಲೆ ಬಿತ್ತು. ಎತ್ತಿಕೊಡೋಣ ಅಂದರೆ ಅವನ ಕೈಗಳೂ ರಟ್ಟಿನವು, ಮಡಚಲು ಬರುವುದಿಲ್ಲ. ನಾನೇ ಕುರ್ಚಿ ಹತ್ತಿ ತಲೆ ಕೂರಿಸಬೇಕಾಯಿತು. "ಥ್ಯಾಂಕ್ಸ್ ಅಂಕಲ್, ಸ್ವಲ್ಪ ಎಡಕ್ಕೆ," ಅಂತು ಒಳಗಿನ ಧ್ವನಿ.

2012ರಲ್ಲಿ ಬೆಂಗಳೂರಿನ ಮೊದಲ ಕಾಮಿಕ್ ಕಾನ್ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದಾಗ ನಾನು ನೋಡಲು ಹೋಗಿದ್ದೆ. ಹೆಸರಿನಲ್ಲಿ ಕಾಮಿಕ್ ಇದೆ, ಆದ್ದರಿಂದ ಕಾಮಿಕ್ಸ್ ಓದುವವರೇ ಬರುತ್ತಾರೆ ಅಂದುಕೊಂಡಿದ್ದೆ. ಇಷ್ಟು ವರ್ಷ ಆದರೂ ಆ ಭ್ರಮೆ ಪೂರ್ತಿ ಬಿಟ್ಟಿಲ್ಲ. ಬರುವವರಿಗೆ ಟಿ-ಶರ್ಟು ಬೇಕು, ಗೊಂಬೆ ಬೇಕು, ಬ್ಯಾಟ್‌ಮ್ಯಾನ್ ಜೊತೆ ಫೋಟೋ ಬೇಕು. ತಪ್ಪೇನಲ್ಲ ಬಿಡಿ. ಜಾತ್ರೆಗೆ ಹೋದವರೆಲ್ಲ ಗರ್ಭಗುಡಿಗೇ ಹೋಗ್ತಾರಾ? ನಾವೂ ಹೋಗುತ್ತಿದ್ದದ್ದು ಮಿರ್ಚಿಗೆ ತಾನೆ.

ಮಧ್ಯಾಹ್ನದ ಹೊತ್ತಿಗೆ ಮೂರು ಪುಸ್ತಕ ಹೋಗಿದ್ದವು. ಒಟ್ಟು 850 ರೂಪಾಯಿ. ಅದರಲ್ಲಿ ಒಂದನ್ನು ಕೊಂಡಾಕೆ, "ಫ್ರೇಮ್ ಹಾಕಿಸಿ ಕೆಫೆ ಗೋಡೆಗೆ ತೂಗುಹಾಕ್ತೀನಿ," ಅಂದಳು. ದುಡ್ಡು ವಾಪಸು ಕೊಟ್ಟು ಪುಸ್ತಕ ಕಿತ್ತುಕೊಳ್ಳುವಷ್ಟು ಸಂಕಟವಾಯಿತು. ಸಂಕಟ ಮರೆಯೋಣ ಅಂತ ಒಂದು ಸುತ್ತು ಹೋದೆ. ಮೂಲೆಯಲ್ಲಿ ನನ್ನ ಹಾಗೇ ಇನ್ನೊಬ್ಬ ಬೋಳುತಲೆಯವರು ಹಳೇ ಪುಸ್ತಕ ಹರಡಿಕೊಂಡು ಕೂತಿದ್ದರು. ಅಲ್ಲಿ ಒಂದು ಬಹಾದುರ್ ಕಣ್ಣಿಗೆ ಬಿತ್ತು. ಆಬಿದ್ ಸುರ್ತಿ 1976ರಲ್ಲಿ ಸೃಷ್ಟಿಸಿದ ನಮ್ಮ ದೇಶದ್ದೇ ನಾಯಕ. ಜೀನ್ಸ್ ಮೇಲೆ ಕುರ್ತಾ ಹಾಕಿಕೊಂಡು ಡಕಾಯಿತರನ್ನು ಹಿಡಿಯುತ್ತಿದ್ದ. ಚೌಕಾಸಿ ಮಾಡಿ 900ಕ್ಕೆ ತಂದೆ. ಮೇಜಿಗೆ ಬಂದು ನೋಡಿದರೆ ಅದೇ ಸಂಚಿಕೆ ನನ್ನ ಮಾರುವ ಡಬ್ಬದಲ್ಲಿ ಆಗಲೇ ಎರಡಿದ್ದವು.

ಕೊಳ್ಳುವಾಗ ನಾನು ಯಾವಾಗಲೂ ಹೀಗೇ. ಒಮ್ಮೆ ರಸ್ತೆ ಬದಿಯ ಹಳೇ ಪುಸ್ತಕದವನ ಹತ್ತಿರ ಅಮರ ಚಿತ್ರ ಕಥೆಯ 'ಕೃಷ್ಣ' ಸಿಕ್ಕಿತ್ತು. "ಫಸ್ಟ್ ಪ್ರಿಂಟ್ ಸಾರ್," ಅಂದ. ನನಗೂ ಇತಿಹಾಸ ಗೊತ್ತಲ್ಲ, ಅವನಿಗೇ ಭಾಷಣ ಬಿಗಿದೆ. ಈ ಮಾಲೆಯನ್ನು ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು. ಇಂಗ್ಲಿಷಿನಲ್ಲಿ 'ಕೃಷ್ಣ'ನ ಸಂಖ್ಯೆ 11, ಯಾಕೆಂದರೆ ಮೊದಲ ಹತ್ತು ಪುಸ್ತಕ ಪರದೇಶದ ಕಿನ್ನರ ಕಥೆಗಳು. ಮಾಲೆ 1965ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ ಅನ್ನುತ್ತಾರೆ. ಅವನು ತಲೆದೂಗುತ್ತಾ ಕೇಳಿಸಿಕೊಂಡ. ನಡುವೆ ಒಮ್ಮೆ "ಹೌದಾ ಸಾರ್!" ಅಂತಲೂ ಅಂದ. ಭಾಷಣ ಮುಗಿಯುವ ಹೊತ್ತಿಗೆ ಬೆಲೆ 400ರಿಂದ 600ಕ್ಕೆ ಏರಿತ್ತು. ಮನೆಗೆ ತಂದು ಮಗಳಿಗೆ ತೋರಿಸಿದೆ. "ಅಪ್ಪಾ, ಇಲ್ಲಿ 501 ಅಂತಿದೆ?" ಅಂದಳು. ಆಮೇಲಿನ ಡೀಲಕ್ಸ್ ಮುದ್ರಣಗಳ ಸಂಖ್ಯೆ ಶುರುವಾಗುವುದೇ 501ರಿಂದ. ಅಂಥದ್ದು ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ ಸಿಗುತ್ತಿತ್ತು.

ಇರಲಿ. ಸಂಜೆ ನಾಲ್ಕರ ಸುಮಾರಿಗೆ ಒಬ್ಬರು ಹಿರಿಯರು ಬಂದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಬೆಕ್ಕಿನ ಕಿವಿ ಹಾಕಿಕೊಂಡ ಮೊಮ್ಮಗಳು ಕೈ ಹಿಡಿದು ಎಳೆಯುತ್ತಿದ್ದಳು. 'ಚೆನ್ನಾಗಿದೆ' ಗುಂಪಿನಿಂದ ಒಂದು ಫ್ಯಾಂಟಮ್ ತೆಗೆದರು. ಬೆಲೆ 700 ಅಂತ ಚೀಟಿ ಅಂಟಿಸಿದ್ದೆ. ಕವರಿನಿಂದ ಹೊರಗೆ ಎಳೆದು, ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವಿದರು. ನಾನು ಕಣ್ಣು ಮುಚ್ಚಿಕೊಂಡೆ. ಹಳೇ ಕಾಮಿಕ್ಸ್ ಇಟ್ಟವನಿಗೆ ಎಂಜಲು ಬೆರಳು ಅಂದರೆ ಹೊಸ ಸೀರೆಗೆ ಎಣ್ಣೆ ಕೈ ಇದ್ದ ಹಾಗೆ.

ಕಣ್ಣು ಬಿಟ್ಟಾಗ ಅವರು ಕೊನೆಯ ರಟ್ಟಿನ ಒಳಬದಿಯನ್ನು ಮೂಗಿನ ಹತ್ತಿರ ಹಿಡಿದಿದ್ದರು.

"ಯಾವೂರು ನಿಮ್ದು?"

"ಭದ್ರಾವತಿ."

"ನಮ್ಮಪ್ಪಾಜಿ ಸೀಲು ಇದು," ಅಂದರು.

ನೇರಳೆ ಬಣ್ಣದ ದುಂಡು ಸೀಲು. ಅದರ ಕೆಳಗೆ ಅಂಟಿಸಿದ ಚೀಟಿಯಲ್ಲಿ ಎರಡು ಕಾಲಂ: 'ಒಯ್ದ ತಾರೀಕು', 'ತಂದ ತಾರೀಕು'. ಮೊದಲನೆಯದರಲ್ಲಿ ಕೊನೆಯದಾಗಿ 12-5-85 ಅಂತ ಇತ್ತು. ಅದರ ಪಕ್ಕ ಖಾಲಿ. ಎಲ್ಲಕ್ಕಿಂತ ಕೆಳಗೆ, 'ತಡವಾದಲ್ಲಿ ದಿನ ಒಂದಕ್ಕೆ 5 ಪೈಸೆ ದಂಡ'.

ಈ ಚೀಟಿ ನನಗೆ ಬಾಯಿಪಾಠ. ಬೇಸಿಗೆ ರಜದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದಿದ್ದೆ. ಎರಡನೇ ದಿನವೇ ಅದರ ಮೇಲೆ ಸಾರು ಚೆಲ್ಲಿತು. ಒರೆಸಿ ಒಣಗಿಸಿದೆ. ವಾಸನೆ ಹೋಗಲಿಲ್ಲ, ಫ್ಯಾಂಟಮ್ ಹತ್ತಿರ ಬಂದರೆ ಇಂಗಿನ ಒಗ್ಗರಣೆ ಬರುತ್ತಿತ್ತು. ಹೆದರಿ ವಾಪಸು ಕೊಡಲಿಲ್ಲ. ಮೂರು ವರ್ಷ ಆ ಬೀದಿಗೆ ಕಾಲಿಡಲಿಲ್ಲ, ಸ್ಕೂಲಿಗೆ ಸುತ್ತುಹಾಕಿ ಹೋಗುತ್ತಿದ್ದೆ. ಆಮೇಲೆ ಟೀವಿ ಬಂತು, ಲೈಬ್ರರಿ ಮುಚ್ಚಿತು, ನಾನು ನಿಟ್ಟುಸಿರು ಬಿಟ್ಟೆ. ಮಾರಲು ತಂದಾಗ ಈ ಸೀಲಿನ ನೆನಪೇ ಆಗಲಿಲ್ಲ ಅಂದರೆ ಸುಳ್ಳಾದೀತು. 'ಹಳೇ ಸೀಲು ಇದೆ' ಅಂತ ನೂರು ರೂಪಾಯಿ ಜಾಸ್ತಿಯೇ ಹಾಕಿದ್ದೆ.

ಅವರು ಪೆನ್ನು ತೆಗೆದರು. ನನ್ನ ಸ್ನೇಹಿತನ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕತೊಡಗಿದರು. "ನಲವತ್ತು ವರ್ಷ. ವರ್ಷಕ್ಕೆ 365. ಒಟ್ಟು 14,600 ದಿನ. ಐದು ಪೈಸೆ ಅಂದ್ರೆ... 730 ರೂಪಾಯಿ. ಫೆಬ್ರವರಿ 29ಗಳನ್ನ ಬಿಟ್ಟಿದೀನಿ, ನಮ್ಮೂರವರು ಅಂತ."

"ಸಾರ್..." ಅಂದೆ. ಗಂಟಲು ಆರನೇ ಕ್ಲಾಸಿಗೆ ಹೋಗಿತ್ತು.

"ಪುಸ್ತಕಕ್ಕೆ ನೀವು 700 ಹಾಕಿದೀರಾ. ನನಗೆ ಬರಬೇಕಾದ್ದು 730. ಮೂವತ್ತು ರೂಪಾಯಿ ಕೊಟ್ಟುಬಿಡಿ, ಲೆಕ್ಕ ಚುಕ್ತಾ."

ತಮಾಷೆ ಮಾಡುತ್ತಿದ್ದಾರೆ ಅಂತ ಮುಖ ನೋಡಿದೆ. ನಗಲಿಲ್ಲ. ನಾನೂ ನಗದೆ ಜೇಬಿನಿಂದ ಮೂವತ್ತು ರೂಪಾಯಿ ತೆಗೆದುಕೊಟ್ಟೆ. ಅವರು ಚೀಟಿಯ ಖಾಲಿ ಜಾಗದಲ್ಲಿ ಅವತ್ತಿನ ತಾರೀಕು ಬರೆದರು. ಪಕ್ಕದಲ್ಲಿ ಸಹಿ ಹಾಕಿದರು. ಊದಿ ಶಾಯಿ ಆರಿಸಿ, ಪುಸ್ತಕವನ್ನು ಒಮ್ಮೆ ಮೂಸಿ ನೋಡಿದರು.

"ಸಾರಾ?" ಅಂದರು.

"ಸಾರು," ಅಂದೆ.

ಮೊಮ್ಮಗಳ ಕೈ ಹಿಡಿದು ಹೊರಟರು. ನಾಲ್ಕು ಹೆಜ್ಜೆ ಹೋದವರು ನಿಂತು ತಿರುಗಿದರು.

"ರಜದಲ್ಲಿ ಹುಡುಗರಿಗೆ ಒಂದು ಸಲಕ್ಕೆ ಎರಡೆರಡು ಪುಸ್ತಕ ಕೊಡ್ತಿದ್ವಲ್ಲಾ. ಇನ್ನೊಂದೆಲ್ಲಿ?"

"ಇನ್ನೊಂದಾ?" ಅನ್ನುತ್ತಾ ಮೇಜಿನ ಕೆಳಗಿದ್ದ ಡಬ್ಬವನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದೆ.