ಅಳು ಬರೆದರೆ ಶಾಲು, ಲೆಕ್ಕ ಬರೆದರೆ ಸಿಟ್ಟು

ಹೆಣ್ಣುಮಕ್ಕಳ ಆತ್ಮಕಥೆ ಹೇಗಿರಬೇಕು ಅಂತ ನಮ್ಮ ಕಡೆ ಎಲ್ಲರಿಗೂ ಒಂದು ಅಂದಾಜಿದೆ. ಕಷ್ಟಪಟ್ಟಿರಬೇಕು, ಅತ್ತಿರಬೇಕು, ಕೊನೆಗೆ ಎಲ್ಲರನ್ನೂ ಕ್ಷಮಿಸಿರಬೇಕು. ಹಾಗಿದ್ದರೆ ಊರಿನ ಗಂಡಸರೇ ಮುಂದೆ ನಿಂತು ಶಾಲು ಹೊದಿಸುತ್ತಾರೆ.

ನಮ್ಮ ದೊಡ್ಡಮ್ಮ ಈಗ ತಮ್ಮ ಬದುಕನ್ನು ಬರೆಯುತ್ತಿದ್ದಾರೆ. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರು. ಶಾಲೆ ಬಿಡಿಸಿದ್ದು, ಮುಟ್ಟಾದಾಗ ಜಡಿಮಳೆಯಲ್ಲೂ ಹೊರಗೆ ಕೂತಿದ್ದು, ಇದನ್ನೆಲ್ಲ ಓದಿದಾಗ ಮನೆಮಂದಿಗೆ ತುಂಬಾ ಇಷ್ಟವಾಯಿತು. ಸೋದರಮಾವ ಕಣ್ಣೊರೆಸಿಕೊಂಡರು.

ಆಮೇಲೆ ಅಡಿಕೆ ಸುಲಿಯುವ ಅಧ್ಯಾಯ ಬಂತು. ಕೊಯ್ಲಿನ ಕಾಲದಲ್ಲಿ ಮನೆ ಹೆಂಗಸರು ಊಟ ಬಡಿಸಿ, ಪಾತ್ರೆ ತೊಳೆದು, ನಡುರಾತ್ರಿವರೆಗೆ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದರು. ಉಗುರಿನ ಸಂದಿಯ ಕಪ್ಪು ವಾರಗಟ್ಟಲೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಸುಲಿದ ಹೊರಗಿನವರಿಗೆ ಅಳತೆ ಮೇಲೆ ಕೂಲಿ. ಇವರಿಗೆ ಏನೂ ಇಲ್ಲ, ಮನೆ ಕೆಲಸ ಅಲ್ವಾ! ದೊಡ್ಡಮ್ಮ ಆಗಿನ ಕೂಲಿ ಹಿಡಿದು ತಮ್ಮ ಪಾಲು ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿ ಬರೆದಿದ್ದಾರೆ. ಓದುವಾಗ ಯಾರೂ ಅಳಲಿಲ್ಲ.

ಮನೆ ಬಿಸಿಯಾಗಿದ್ದು ಅದರ ಮುಂದಿನ ಅಧ್ಯಾಯಕ್ಕೆ. ಅಜ್ಜ ತೀರಿಕೊಂಡ ಮೇಲೆ ದೊಡ್ಡಮ್ಮನನ್ನೂ ನಮ್ಮಮ್ಮನನ್ನೂ ಜೀಪಿನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿದ್ದರು. "ಓದೋದೆಂತ ಇದೆ, ಸೈನ್ ಹಾಕು ಮಾರಾಯ್ತಿ." ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸೈನ್ ಹಾಕಿದರು. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ, ಮನೆಗೆ ಬಂದಾಗ ಒಂದೊಂದು ಸೀರೆ. ತೋಟದ ಹಕ್ಕು ಹೋಗಿದ್ದು ಹೀಗೆ.

ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಬಂದ ಮೇಲೆ ತವರಿನವರಿಗೆ ಅಕ್ಕತಂಗಿಯರ ನೆನಪೂ ಜಾಸ್ತಿಯಾಗಿದೆ. ತೋಟ ಮಾರಬೇಕು ಅಂದರೆ ಅವರ ಸಹಿ ಬೇಕಲ್ಲ!

ಮಾವಂದಿರ ಮಾತಲ್ಲೂ ಹುರುಳಿಲ್ಲ ಅಂತಲ್ಲ. ಕೊಳೆ ರೋಗ, ಎಲೆಚುಕ್ಕಿ, ಆಳಿನ ಸಮಸ್ಯೆ, ಇದರ ನಡುವೆ ತೋಟ ಉಳಿಸಿಕೊಂಡವರು ಅವರೇ. ಹಾಗಾದರೆ ಅದನ್ನೂ ಲೆಕ್ಕಕ್ಕೆ ಹಿಡಿದು, ಎದುರುಬದುರು ಕೂತು ಮಾತಾಡಿ. ದೋಸೆ ಕೊಡಿಸಿ ಮುಗಿಸಬೇಡಿ.

ಹೆಂಗಸರು ಯಾಕೆ ಸುಮ್ನೆ ಸಹಿ ಹಾಕುತ್ತಾರೆ ಅಂತ ಪೇಟೆಯ ಗೆಳತಿಯರು ಕೇಳುತ್ತಾರೆ. ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಅದಕ್ಕೆ. ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ನಿಲ್ಲಲು ಒಂದು ಬಾಗಿಲು ಬೇಕಲ್ಲ. ಹೆದರಿಕೆ ಸುಳ್ಳೇನಲ್ಲ. ಆದರೆ ಪಾಲು ಕೇಳಿದ ಕೂಡಲೇ ಮುಚ್ಚುವ ಬಾಗಿಲು ಕಷ್ಟಕಾಲಕ್ಕೆ ತೆರೆಯುತ್ತದೆ ಅಂತ ಯಾರು ಹೇಳಿದರು?

ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯ ಜಯಂತಿಯನ್ನು ಜೋರಾಗಿ ಮಾಡುತ್ತೇವೆ. ರಾಜನ ಅರಮನೆ ಬಿಟ್ಟು ನಡೆದವಳು ಅಂತ ಭಾಷಣ ಬೇರೆ. ಮನೆಯ ಅಕ್ಕ ಪತ್ರ ಓದಿ ನೋಡುತ್ತೇನೆ ಅಂದರೆ ಮಾತ್ರ ಮುಖ ಗಂಟು.

ಆ ಎರಡು ಅಧ್ಯಾಯ ತೆಗೆದುಬಿಡು ಅಂತ ಮಾವ ದೊಡ್ಡಮ್ಮನಿಗೆ ಹೇಳಿ ಕಳಿಸಿದ್ದಾರೆ. ಪುಸ್ತಕ ಟೈಪ್ ಮಾಡುತ್ತಿರುವವಳು ನಾನು. ಎರಡೂ ಇರುತ್ತವೆ. ದೊಡ್ಡಮ್ಮ ಈಗ ಆ ಪತ್ರದ ನಕಲಿಗೆ ಅರ್ಜಿ ಹಾಕಿದ್ದಾರೆ, ಪುಸ್ತಕದಲ್ಲಿ ಸರ್ವೆ ನಂಬರ್ ತಪ್ಪಾಗಬಾರದಂತೆ.