ಹಣೆಗೆ ಕಟ್ಟಿದ ಲಾರಿ ದೀಪ

ನಿನ್ನೆ ಬೆಳಗಿನ ಜಾವ ಸ್ಕಂದಗಿರಿಯ ಅರ್ಧ ದಾರಿಯಲ್ಲಿ, ನನ್ನ ಬಲಗಾಲು ಬಂಡೆಯ ಮೇಲೂ ಎಡಗಾಲು ಗಾಳಿಯಲ್ಲೂ ಇದ್ದ ಹೊತ್ತಿಗೆ ಸರಿಯಾಗಿ, ಮುಂದೆ ಹೋಗುತ್ತಿದ್ದ ತರುಣನೊಬ್ಬ "ಅಂಕಲ್, ನೀರಿದೆಯಾ?" ಎಂದು ಕೇಳುತ್ತ ನನ್ನತ್ತ ತಿರುಗಿದ. ಅವನ ಹಣೆಯ ಮೇಲಿದ್ದ ದೀಪ ನೇರವಾಗಿ ನನ್ನ ಕಣ್ಣಿಗೆ ಹೊಡೆಯಿತು. ಎಡಗಾಲಿಡಲು ನೋಡಿಟ್ಟುಕೊಂಡಿದ್ದ ಜಾಗ ಬೆಳ್ಳಗಾಗಿ, ನೇರಳೆಯಾಗಿ, ಕಡೆಗೆ ಇಲ್ಲವೇ ಆಯಿತು. ನಾನು ಅಲ್ಲಿಯೇ ಕುಳಿತೆ. ಕುಳಿತೆ ಎನ್ನುವುದು ಮರ್ಯಾದೆಯ ಮಾತು. ಪ್ಯಾಂಟಿನ ಹಿಂಭಾಗ ಬೇರೆಯದೇ ಸಾಕ್ಷಿ ಹೇಳುತ್ತದೆ.

ನಾನು ಸುಳ್ಯದ ಕಡೆಯವನೆಂಬುದೂ, ಬೆಂಗಳೂರಿಗೆ ಬಂದು ಕೂದಲು ನರೆತರೂ ವರ್ಷಕ್ಕೆ ಮೂರು ಬಾರಿಯಾದರೂ ಗುಡ್ಡ ಹತ್ತದಿದ್ದರೆ ಮನೆಯವರಿಗೆ ನನ್ನನ್ನು ಸಹಿಸುವುದು ಕಷ್ಟವೆಂಬುದೂ ನಿಮಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ ಇದನ್ನು ಚಾರಣ ಬೇಸರವಾದ ಮುದುಕನ ಗೊಣಗಾಟವೆಂದು ದಯವಿಟ್ಟು ತಿಳಿಯಬೇಡಿ. ಮುಂಗಡ ಬುಕಿಂಗ್ ಮಾಡಿಸಿ, ರಾತ್ರಿ ಎರಡು ಗಂಟೆಗೆ ಮನೆ ಬಿಟ್ಟು, ಕಳವಾರದ ಪಾಪಾಗ್ನಿ ಮಠದ ಬಳಿಯಿಂದ ಕತ್ತಲಲ್ಲೇ ಹೊರಟು, ಮೇಲಿನ ಪಾಳುಕೋಟೆಯ ಗೋಡೆಗೊರಗಿ ಎದುರಿನ ನಂದಿಬೆಟ್ಟ ಮೋಡದೊಳಗಿಂದ ತಲೆ ಎತ್ತುವುದನ್ನು ನೋಡುವ ಸುಖಕ್ಕೆ ನಾನು ಈಗಲೂ ಸಿದ್ಧ. ಆದರೆ ನೀರು ಕೇಳಿದ ತರುಣನ ಇಪ್ಪತ್ತು ಮಂದಿಯ ತಂಡ ತಲೆಗೊಂದೊಂದು ಲಾರಿ ದೀಪ ಕಟ್ಟಿಕೊಂಡು ಬಂದಿತ್ತು. ಬೆಟ್ಟ ಹತ್ತುತ್ತಿದ್ದೇವೋ ಘಾಟಿಯಲ್ಲಿ ಎದುರಿನ ಲಾರಿಗೆ ಸೈಡ್ ಕೊಡುತ್ತಿದ್ದೇವೋ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಅವರಲ್ಲೊಬ್ಬ ಬಹಳ ಹೆಮ್ಮೆಯಿಂದ, ತನ್ನ ದೀಪ ಒಂದು ಲಕ್ಷ ಲುಮೆನ್‌ನದೆಂದು ಹೇಳಿದ. ಲುಮೆನ್ ಎಂದರೆ ದೀಪ ಒಟ್ಟು ಎಷ್ಟು ಬೆಳಕು ಸೂಸುತ್ತದೆ ಎಂಬುದರ ಅಳತೆ. ಡಬ್ಬಿಯ ಮೇಲೆ ಹಾಗೆಯೇ ಅಚ್ಚಾಗಿತ್ತಂತೆ. ಕಾರಿನ ಸಾಧಾರಣ ಹ್ಯಾಲೊಜನ್ ಬಲ್ಬು ಲೋ ಬೀಮ್‌ನಲ್ಲಿ ಕೊಡುವುದು ಸುಮಾರು 1,000 ಲುಮೆನ್. ಅಂದರೆ ಈ ಮಹಾನುಭಾವ ಅಂಥ ನೂರು ಬಲ್ಬುಗಳನ್ನು ಹಣೆಯ ಮೇಲೆ ಹೊತ್ತಿದ್ದಾನೆ ಮತ್ತು ಅವನ ಹುಬ್ಬು ಇನ್ನೂ ಸುಟ್ಟಿಲ್ಲ! ಡಬ್ಬಿಯ ಸುಳ್ಳನ್ನು ಬಿಟ್ಟುಬಿಡೋಣ. ನಿಜಕ್ಕೂ 800 ಲುಮೆನ್ ಇತ್ತೆಂದೇ ಇಟ್ಟುಕೊಂಡರೂ ಅದು ಹಳೆಯ 60 ವ್ಯಾಟಿನ ಬಲ್ಬು ಇಡೀ ಕೋಣೆಗೆ ಚೆಲ್ಲುತ್ತಿದ್ದ ಬೆಳಕು, ಇಲ್ಲಿ ಒಂದೇ ದಿಕ್ಕಿಗೆ ಒಟ್ಟುಗೂಡಿ ಬರುತ್ತದೆ. ಒಂದು ಮೇಣದಬತ್ತಿ ಸುತ್ತಲೂ ಸೇರಿ ಕೊಡುವುದು ಸುಮಾರು 12 ಲುಮೆನ್. ಅಷ್ಟನ್ನೇ ಮುಂದಕ್ಕೆ ಹರಿಯಬಿಟ್ಟರೆ ಮಟ್ಟಸವಾದ ಕಾಲುದಾರಿಗೆ ಧಾರಾಳವಾಯಿತು. ಕಲ್ಲುಮುಳ್ಳಿನ ಏರಿಗೆ 50ರಿಂದ 100 ಇದ್ದರೆ ನನ್ನಂಥ ಕನ್ನಡಕದವನೂ ನಡೆಯಬಲ್ಲ. ಎರಡು ಪಟ್ಟು ದೂರ ಕಾಣಬೇಕೆಂದರೆ ನಾಲ್ಕು ಪಟ್ಟು ಬೆಳಕು ಬೇಕು. ಆ ಹೆಚ್ಚುವರಿ ಬೆಳಕೆಲ್ಲ ಬರುವುದು ಬ್ಯಾಟರಿಯ ಹೊಟ್ಟೆಯಿಂದ, ಆ ಬ್ಯಾಟರಿಯ ಭಾರ ಬೀಳುವುದು ನಮ್ಮ ಕತ್ತಿನ ಮೇಲೆ, ಮತ್ತು ಹೋಗುವುದು, ಮತ್ತೆ ಅಲ್ಲಿಗೇ ಬಂದೆ, ಎದುರಿನವನ ಕಣ್ಣಿಗೆ.

ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುವುದು ಗುಂಡಿ ಒತ್ತಿದಂತೆ ಆಗುವ ಕೆಲಸವಲ್ಲ. ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ಕೂಡಿಕೊಳ್ಳುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಪ್ರಖರವಾದ ಬಿಳಿ ಬೆಳಕು ಅದನ್ನು ಒಂದೇ ಏಟಿಗೆ ಅಳಿಸಿಹಾಕುತ್ತದೆ. ನೀರಿದೆಯಾ ಎಂದು ಕೇಳಿದವನಿಗೆ ಸಿಕ್ಕಿದ್ದು ಎರಡು ಗುಟುಕು ನೀರು, ನಾನು ಕಳೆದುಕೊಂಡಿದ್ದು ಅರ್ಧ ಗಂಟೆಯ ಕಣ್ಣು. ಹೆಡ್‌ಲ್ಯಾಂಪ್ ಎನ್ನುವುದು ನಮ್ಮ ಮುಖ ಹೋದ ಕಡೆಗೆಲ್ಲ ಹೋಗುವ ವಸ್ತು. ಮನುಷ್ಯರಾದವರು ಮಾತನಾಡುವಾಗ ಮುಖ ನೋಡುತ್ತಾರೆ. ಇಷ್ಟು ಸರಳವಾದ ಅಪಾಯವನ್ನು ತಂಡ ಹೊರಡಿಸಿದವರಾರೂ ಆ ಹುಡುಗರಿಗೆ ಹೇಳಿರಲಿಲ್ಲವೆಂಬುದು ಸ್ಪಷ್ಟ. ಟೀ ಶರ್ಟು ಮಾತ್ರ ಎಲ್ಲರಿಗೂ ಒಂದೇ ಬಣ್ಣದ್ದು ಕೊಟ್ಟಿದ್ದರು.

ನಮ್ಮೂರಿನ ಕಡೆ ಈ ದೀಪ ಚಾರಣಿಗರ ಶೋಕಿಯಾಗಿ ಬಂದದ್ದಲ್ಲ. ರಬ್ಬರ್ ಟ್ಯಾಪಿಂಗ್‌ನವರು ಬಿಸಿಲೇರುವ ಮುನ್ನ, ಹಾಲು ಚೆನ್ನಾಗಿ ಇಳಿಯುವ ತಂಪಿನ ಹೊತ್ತಿಗೆ ತೋಟಕ್ಕಿಳಿಯುತ್ತಾರೆ. ಎರಡೂ ಕೈ ಕತ್ತಿಗೆ ಬೇಕು. ತೊಗಟೆಯನ್ನು ತೆಳುವಾಗಿ ಕೆತ್ತಬೇಕು, ಕತ್ತಿ ಸ್ವಲ್ಪ ಆಳಕ್ಕೆ ಹೋದರೂ ಮರಕ್ಕೆ ಗಾಯ. ಅವರಿಗೆ ಬೇಕಾದ ಬೆಳಕು ಒಂದು ಮೊಳ ದೂರದ್ದು, ಅಷ್ಟೇ. ನಮ್ಮ ಬಾಯಲ್ಲಿ ಅದು ಹೆಡ್‌ಲ್ಯಾಂಪೂ ಅಲ್ಲ, "ತಲೆಗೆ ಕಟ್ಟುವ ಬ್ಯಾಟರಿ". ಸುಬ್ರಹ್ಮಣ್ಯದ ಮೊದಲ ಬಸ್ಸು ಹಿಡಿಯಲು ತೋಟದ ನಡುವಿನ ದಾರಿಯಲ್ಲಿ ಓಡುತ್ತಿದ್ದಾಗ ಎಷ್ಟೋ ಬಾರಿ ಅವರು ಎದುರಾಗಿದ್ದಾರೆ. ಹೆಜ್ಜೆಯ ಸಪ್ಪಳ ಕೇಳಿದ ಕೂಡಲೇ ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿಯುತ್ತಿದ್ದರು, ಬೆರಳಿನ ಸಂದಿಯಲ್ಲಿ ಕೆಂಪಗೆ ಸೋರುವ ಬೆಳಕಿನಲ್ಲಿ "ಯಾರು?" ಎನ್ನುತ್ತಿದ್ದರು. ಲುಮೆನ್ ಎಂಬ ಪದ ಕೇಳದವರಿಗೆ ಹೊಳೆದ ಈ ಸೌಜನ್ಯ ಡಬ್ಬಿಯ ಮೇಲಿನ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿದವರಿಗೆ ಯಾಕೆ ಹೊಳೆಯುವುದಿಲ್ಲ?

ಇನ್ನು ತೂಕದ ವಿಚಾರ. ಹಿಂದೆ ಗಣಿಗಳಲ್ಲಿ ಬಳಸುತ್ತಿದ್ದ ತಲೆದೀಪದ ಬ್ಯಾಟರಿ ಎಷ್ಟು ಭಾರವೆಂದರೆ, ಅದನ್ನು ಸೊಂಟಕ್ಕೆ ಕಟ್ಟಿ, ಅಲ್ಲಿಂದ ಟೋಪಿಗೆ ವೈರು ಎಳೆಯಬೇಕಾಗಿತ್ತು. ಆ ಭಾರವನ್ನು ಇಳಿಸಿದ್ದು ಎಲ್‌ಇಡಿ. ಬಿಳಿ ಬೆಳಕಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಗಾಗಿ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಕೂಡ ಬಂತು. ಈಗ ಮೂರು ಸಣ್ಣ ಎಎಎ ಸೆಲ್ಲು ಹಾಕಿದ ಒಳ್ಳೆಯ ಹೆಡ್‌ಲ್ಯಾಂಪ್ 80 ಗ್ರಾಂ ಆಸುಪಾಸು ತೂಗುತ್ತದೆ. ರೀಚಾರ್ಜ್ ಮಾಡುವ ಪುಟ್ಟವು 35 ಗ್ರಾಮಿಗೂ ಸಿಗುತ್ತವೆ. ಇಷ್ಟೆಲ್ಲ ಮಾಡಿ ಜಗತ್ತು ತಲೆಯಿಂದ ಇಳಿಸಿದ ಭಾರವನ್ನು ನಮ್ಮ ಹುಡುಗರು ದುಡ್ಡು ಕೊಟ್ಟು ಮತ್ತೆ ಹೊತ್ತುಕೊಂಡಿದ್ದಾರೆ: ತಲೆಯ ಹಿಂದೆ ದಪ್ಪ ಸೆಲ್ಲುಗಳ ಡಬ್ಬಿ, ಮುಂದೆ ಹಂಡೆಯಂಥ ದೀಪ, ಹೆಜ್ಜೆಗೊಮ್ಮೆ ಹುಬ್ಬಿನ ಮೇಲೆ ಜಾರುವ ಪಟ್ಟಿ. ಎಣ್ಣೆ ಹಚ್ಚಿದ ತಲೆಯಾದರೆ ಮೂಗಿನವರೆಗೂ.

ಹಗುರವಾಗಿದ್ದರೆ ಇನ್ನೊಂದು ಲಾಭವಿದೆ, ಅದನ್ನು ಯಾರೂ ಹೇಳುವುದಿಲ್ಲ. ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಬಿಡುತ್ತದೆ. ಕುಳಿಯೂ ಉಬ್ಬೂ ಒಂದೇ ಮಟ್ಟದಲ್ಲಿ ಕಾಣುತ್ತವೆ. ಇಳಿಜಾರಿನಲ್ಲಿ, ಅದರಲ್ಲೂ ಸ್ಕಂದಗಿರಿಯಂಥ ಬೆಟ್ಟದ ಸಡಿಲ ಜಲ್ಲಿಯ ಮೇಲೆ, ಇದು ಕಾಲು ಮುರಿಯುವ ಸಂಗತಿ. ಆಗ ದೀಪವನ್ನು ತಲೆಯಿಂದ ತೆಗೆದು ಮುಂಗೈಗೆ ಸುತ್ತಿ ಸೊಂಟದ ಎತ್ತರಕ್ಕೆ ಹಿಡಿದರೆ ಪ್ರತಿ ಕಲ್ಲಿಗೂ ನೆರಳು ಮೂಡಿ ನೆಲ ಎದ್ದು ನಿಲ್ಲುತ್ತದೆ. ಮಂಜಿನಲ್ಲೂ ಹಾಗೆಯೇ: ಹಣೆಯ ದೀಪವನ್ನು ಜೋರು ಮಾಡಿದಷ್ಟೂ ಎದುರಿಗೆ ಬಿಳಿ ಗೋಡೆ ಏಳುತ್ತದೆ, ಕೆಳಗಿಳಿಸಿದರೆ ದಾರಿ ಕಾಣುತ್ತದೆ. ಕಾಲು ಕಿಲೋದ ಹಂಡೆಯನ್ನು ಮುಂಗೈಗೆ ಸುತ್ತಿ ನೋಡಿ, ಆಮೇಲೆ ಮಾತನಾಡೋಣ.

"ಕಾಡುಪ್ರಾಣಿ ಬಂದರೆ?" ಎನ್ನುವವರಿದ್ದಾರೆ; ನಿನ್ನೆ ಕೋಟೆಯ ಗೋಡೆಯ ಬಳಿ ಕೂಡ ಒಬ್ಬರು ಕೇಳಿದರು. ದಾರಿ ತಪ್ಪಿದಾಗ ದೂರದ ಗುರುತು ಹುಡುಕುವುದಕ್ಕೆ ಜೋರು ಬೆಳಕು ಬೇಕು ಎಂಬುದನ್ನು ಒಪ್ಪುತ್ತೇನೆ, ಒಂದೆರಡು ನಿಮಿಷದ ಮಟ್ಟಿಗೆ. 200 ಲುಮೆನ್‌ನ ಪುಟ್ಟ ದೀಪವೂ ಅದನ್ನು ಮಾಡುತ್ತದೆ. ಆದರೆ ಆನೆ ಓಡಾಡುವ ಕಾಡಿನಲ್ಲಿ ರಾತ್ರಿ ನಡೆಯುವುದೇ ತಪ್ಪು, ಆ ತಪ್ಪನ್ನು ಲುಮೆನ್ ತಿದ್ದಲಾರದು. ಅಷ್ಟಕ್ಕೂ ನಿನ್ನೆ ಆ ದೀಪಗಳಿಗೆ ಸಿಕ್ಕಿದ ಏಕೈಕ ಪ್ರಾಣಿ ನಾನು.

ಈಗ ಹೇಳಲು ಮನಸ್ಸಿಲ್ಲದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಕುಳಿತಲ್ಲಿಂದ ಎದ್ದವನೇ ಆ ಹುಡುಗನಿಗೆ ಈ ಉಪನ್ಯಾಸವನ್ನೆಲ್ಲ ನಿಂತಲ್ಲೇ ಕೊಟ್ಟೆ, ರೊಡಾಪ್ಸಿನ್ ಸಮೇತ. ಅವನು ಕಣ್ಣು ಕಿರಿದು ಮಾಡಿಕೊಂಡು, ತಲೆ ಓರೆ ಮಾಡಿಕೊಂಡು, ಬಹಳ ವಿನಯದಿಂದ ಕೇಳಿಸಿಕೊಂಡ. ಮುಗಿದ ಮೇಲೆ "ಸರಿ ಅಂಕಲ್, ಆದರೆ ನಿಮ್ಮ ಲೈಟು..." ಎಂದ. ಅಷ್ಟು ಹೊತ್ತೂ ನನ್ನ ದೀಪ ಅವನ ಮೋರೆಯ ಮೇಲೆಯೇ ಉರಿಯುತ್ತಿತ್ತು. ನಾನು ಮಾತಿಲ್ಲದೆ ಅದನ್ನು ಕೆಳಕ್ಕೆ ಬಗ್ಗಿಸಿದೆ. ನನ್ನ ಸಮರ್ಥನೆ ಇಷ್ಟೇ: ನನ್ನದು 80 ಲುಮೆನ್‌ನಲ್ಲಿತ್ತು, ಅವನು ಕುಳಿತುಕೊಳ್ಳಲಿಲ್ಲ.

ಇನ್ನೂ ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಹಲವು ವರ್ಷಗಳ ಹಿಂದೆ ಕುಮಾರಪರ್ವತ ಇಳಿಯುವಾಗ, ಭಟ್ಟರ ಮನೆ ದಾಟಿ ದಟ್ಟ ಕಾಡು ಹೊಕ್ಕ ಮೇಲೆ ದೀಪ ತೆಗೆದರೆ ಅದು ಸತ್ತುಹೋಗಿತ್ತು. ಚೀಲದೊಳಗೆ ಒತ್ತು ಬಿದ್ದು ತಾನಾಗಿ ಹೊತ್ತಿಕೊಂಡು ದಿನವಿಡೀ ನನ್ನ ಒದ್ದೆ ಕಾಲುಚೀಲಗಳಿಗೆ ಬೆಳಕು ತೋರಿಸಿತ್ತು. ಗುಂಡಿಗೆ ಲಾಕ್ ಇಲ್ಲದ ದೀಪ ಕೊಳ್ಳಬೇಡಿ. ಲಾಕ್ ಇಲ್ಲದಿದ್ದರೆ ಒಂದು ಸೆಲ್ಲನ್ನು ತಿರುಗಿಸಿ ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ನೂರು ಗಂಟೆ ಎಂದು ಬರೆದಿದ್ದರೆ ಹಿಗ್ಗಬೇಡಿ. ಟಾರ್ಚು, ಹೆಡ್‌ಲ್ಯಾಂಪ್‌ಗಳನ್ನು ಅಳೆಯುವ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡದಲ್ಲಿ ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗಿನ ಸಮಯವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ.

ಕೋಪ ಇಳಿದ ಮೇಲೆ ನಡೆದದ್ದನ್ನೂ ಬರೆಯಬೇಕು. ತಂಡವನ್ನು ಮುಂದೆ ಬಿಟ್ಟು ನಾನು ಹಿಂದುಳಿದೆ. ದೀಪವನ್ನು ಅತಿ ಕಡಿಮೆಗೆ ಇಳಿಸಿದಾಗ ದಾರಿಬದಿಯ ಹುಲ್ಲಿನಲ್ಲಿ ಹಸಿರು ಕಿಡಿಗಳು ಕಂಡವು, ಒಂದಲ್ಲ, ಹತ್ತಾರು. ಇಬ್ಬನಿಯಲ್ಲ, ತೋಳಜೇಡಗಳ ಕಣ್ಣು. ಅವುಗಳ ಕಣ್ಣಿನ ಹಿಂದಿನ ಪದರ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ, ಆದ್ದರಿಂದ ದೀಪ ನಮ್ಮ ಕಣ್ಣಿನ ಪಕ್ಕದಲ್ಲಿದ್ದರೆ ಮಾತ್ರ ಹೊಳಪು ಕಾಣುತ್ತದೆ. ಕಲ್ಲಿನ ನೆರಳನ್ನು ಕದಿಯುವ ಅದೇ ಹಣೆಯ ದೀಪ ಈ ಕಿಡಿಗಳನ್ನು ಕೊಡುತ್ತದೆ. ಆಮೇಲೆ ಕೆಂಪು ದೀಪಕ್ಕೆ ಬದಲಿಸಿದೆ. ಮಂದ ಬೆಳಕನ್ನು ಕಾಣುವ ಕಣ್ಣಿನ ಕಣಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ, ಹಾಗಾಗಿ ಕತ್ತಲೆಯ ಕಣ್ಣು ಉಳಿಯುತ್ತದೆ. ಬೆಟ್ಟದ ಅಂಚು, ಅದರ ಮೇಲೆ ನಕ್ಷತ್ರ, ಮೇಲೆ ಮೆರವಣಿಗೆ ಹೊರಟ ಇಪ್ಪತ್ತು ಲಾರಿಗಳು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಮುಂದಿನ ತಿಂಗಳು ಸಾವನದುರ್ಗಕ್ಕೆ ನನ್ನೊಡನೆ ಬರುತ್ತೇನೆಂದವರು ಆರು ಮಂದಿ. ಬಂಡೆಯ ಮೇಲೆ ಹಗಲಲ್ಲೇ ಹತ್ತುತ್ತೇವೆ, ಇಳಿಯುವುದು ತಡವಾದರೆ ಇರಲಿ ಎಂದು ದೀಪ. ಬಸ್ಸು ಹತ್ತುವ ಮೊದಲು ಆರೂ ಚೀಲಗಳ ದೀಪ ತೆಗೆಸಿ ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ತೂಗುವುದು ಖಂಡಿತ. ನೂರು ಗ್ರಾಂ ದಾಟಿದ್ದು ನಮ್ಮ ಮನೆಯಲ್ಲೇ ಉಳಿಯುತ್ತದೆ. ನೀರು ಬೇಕಾದವರು ಮುಂದೆ ನೋಡಿಕೊಂಡೇ ಕೇಳತಕ್ಕದ್ದು.